ಹುಲಿಗೆಮ್ಮ ಕಂಡದ್ದು

ಕಮಲಾಪುರ ದಾಟಿ ಕಂಪ್ಲಿ ದಾರಿ ಹಿಡಿದ ಮೇಲೆ ಡ್ರೈವರು ಕಾರಿನ ಗಾಜು ಏರಿಸಿದ. "ವಾಸ್ನಿ ಬರ್ತೈತ್ರಿ ಮೇಡಂ. ಕಾಲುವಿ ಬಂದ್ ಮಾಡಿ ಹೂಳು ತೆಗ್ಯಾಕ ಹತ್ಯಾರ" ಎಂದ. ಇಳಿಸಪ್ಪ, ಪರವಾಗಿಲ್ಲ ಎಂದೆ. ಹಸಿ ಕೆಸರು, ಸತ್ತ ಮೀನು, ಕೊಳೆತ ಬಾಳೆಎಲೆ ಎಲ್ಲ ಸೇರಿದ ವಾಸನೆ ಒಳಗೆ ನುಗ್ಗಿತು. ಮೂಗು ಮುಚ್ಚಿಕೊಳ್ಳಬೇಕಾದಂಥದ್ದೇ. ಆದರೆ ನನಗೆ ಮಾತ್ರ ಅದರಿಂದ ಮನಸ್ಸು ಹಗುರಾಯಿತು. ನೌಕರಿಯ ಮೊದಲ ವರ್ಷವನ್ನು ನಾನು ಕಳೆದದ್ದು ಈ ಸೀಮೆಯಲ್ಲಿ. ಆ ವರ್ಷದ ಒಂದು ಕೇಸು ಈ ಕಾಲುವೆಯ ದಂಡೆಯಲ್ಲೇ ಶುರುವಾಗಿ ಇಲ್ಲೇ ಮುಗಿದಿತ್ತು.

ನಾನು ತುಮಕೂರಿನ ಕಡೆಯವಳು. ಸಹಾಯಕ ಸರ್ಕಾರಿ ಅಭಿಯೋಜಕಿ ಎಂಬ ಉದ್ದ ಹೆಸರಿನ ಹುದ್ದೆ ಸಿಕ್ಕು ಹೊಸಪೇಟೆಗೆ ಬಂದಾಗ ಜೂನ್ ತಿಂಗಳು. ಪೊಲೀಸರು ಹಾಕಿದ ಕೇಸುಗಳನ್ನು ಮ್ಯಾಜಿಸ್ಟ್ರೇಟರ ಮುಂದೆ ಸರ್ಕಾರದ ಪರವಾಗಿ ನಡೆಸುವುದು ಕೆಲಸ. ಚಿತ್ತವಾಡ್ಗಿಯಲ್ಲಿ ಮಹಡಿ ಮೇಲೊಂದು ಕೋಣೆ ಹಿಡಿದೆ. ಬೆಳಿಗ್ಗೆ ಆಟೋದಲ್ಲಿ ಕೋರ್ಟು, ಸಂಜೆ ದಾರಿಯಲ್ಲಿ ಒಗ್ಗರಣಿ ಮಂಡಕ್ಕಿ, ಮಿರ್ಚಿ ಬಜ್ಜಿ ಕಟ್ಟಿಸಿಕೊಂಡು ಕೋಣೆ. ಮೊದಲ ತಿಂಗಳು ಸಾಕ್ಷಿಗಳ ಮಾತು ಅರ್ಧ ತಿಳಿಯುತ್ತಿರಲಿಲ್ಲ. "ಹಂಗಲ್ರಿ, ಹಿಂಗ" ಎಂದು ಅವರು ಕೈ ಆಡಿಸಿದರೆ ನಾನು ಕೈಯನ್ನೇ ನೋಡುತ್ತಿದ್ದೆ. ಆಮೇಲಾಮೇಲೆ ಆ ಮಾತಿನ ರುಚಿ ಹತ್ತಿತು. ಊರಿಗೆ ಫೋನು ಮಾಡಿದಾಗ ನಾನೇ "ಭಾಳ ಮಳಿ" ಎಂದದ್ದು ಕೇಳಿ ಅಮ್ಮ ನಕ್ಕಳು.

ಡ್ಯಾಮು ತುಂಬುತ್ತ ಬಂದು ಕಾಲುವೆಗಳಿಗೆ ನೀರು ಬಿಟ್ಟ ಕೆಲವೇ ದಿನಗಳಲ್ಲಿ ಆ ಘಟನೆ ನಡೆಯಿತು. ಕಂಪ್ಲಿ ದಾರಿಯ ಒಂದು ಹಳ್ಳಿ. ಗಂಗಮ್ಮ ಎಂಬ ಹೆಂಗಸು ಬೆಳಿಗ್ಗೆ ತನ್ನ ಗದ್ದೆಗೆ ನೀರು ತಿರುಗಿಸಲು ಹೋದವಳು ತಲೆ ಒಡೆದು ಕಾಲುವೆಯ ತೂಬಿನ ಪಕ್ಕ ಬಿದ್ದಿದ್ದಳು. ಪಕ್ಕದ ಗದ್ದೆಯ ಯರ್ರಿಸ್ವಾಮಿ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ರಸ್ತೆವರೆಗೂ ಓಡಿ, ಸಿಕ್ಕ ಟಂಟಂ ಆಟೋ ನಿಲ್ಲಿಸಿ ಹೊಸಪೇಟೆ ಆಸ್ಪತ್ರೆಗೆ ತಂದ. ಕಾಲುವೆಯ ಕಲ್ಲಿನ ಮೆಟ್ಟಿಲ ಮೇಲೆ ಜಾರಿ ಬಿದ್ದಳು ಎಂದ. ಅಲ್ಲಿಂದ ಬಳ್ಳಾರಿಗೆ ಕಳಿಸಿದರು. ಗಂಗಮ್ಮ ಬದುಕಿದಳು. ಆದರೆ ಆ ದಿನ ಬೆಳಿಗ್ಗೆ ಎದ್ದು ಒಲೆ ಹಚ್ಚಿದ್ದರಿಂದ ಹಿಡಿದು ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟದ್ದರವರೆಗೆ ಏನೂ ಅವಳ ನೆನಪಿನಲ್ಲಿ ಉಳಿಯಲಿಲ್ಲ. ಯರ್ರಿಸ್ವಾಮಿ ಜೀವ ಉಳಿಸಿದ ಎಂದು ಊರೆಲ್ಲ ಹೊಗಳಿತು.

ಹೊಗಳದೆ ಉಳಿದವಳು ಒಬ್ಬಳೇ. ಗಂಗಮ್ಮನ ಮಗಳು, ಮೂರನೇ ತರಗತಿಯ ಹುಲಿಗೆಮ್ಮ. ಅವಳು ಆ ದಿನ ತಾಯಿಯ ಹಿಂದೆಯೇ ಹೋಗಿ ಬಾಳೆತೋಟದ ಅಂಚಿನಲ್ಲಿ ಕುಳಿತಿದ್ದಳು. ಯರ್ರಿಸ್ವಾಮಿ ಅವಳಿಗೆ 'ಸ್ವಾಮಿ ಮಾಮ'. ಮಾಮ ಪೆಪ್ಪರಮಿಂಟು ಕೊಡಲು ಬಂದರೆ ಹುಡುಗಿ ಒಳಗೆ ಓಡುವುದನ್ನು ಕಂಡು ಅವಳ ಅಜ್ಜಿ ಹನುಮವ್ವ ಕೂಡಿಸಿಕೊಂಡು ಕೇಳಿದಳು. "ಮಾಮ ಅವ್ವಗ ಸಲಿಕೀಲೆ ಹೊಡೆದ" ಎಂದಳು ಹುಡುಗಿ. ಗದ್ದೆಗೆ ಯಾರ ನೀರು ಮೊದಲು ಎಂದು ಜಗಳವಾಗಿತ್ತಂತೆ. ಹನುಮವ್ವ ಮಗನಿಗೆ ಹೇಳಿ ಕಳಿಸಿದಳು. ಗಂಗಮ್ಮನ ಗಂಡ ಕುರೆಕುಪ್ಪದಲ್ಲಿ ರೂಮು ಮಾಡಿಕೊಂಡು ಸ್ಟೀಲ್ ಫ್ಯಾಕ್ಟರಿಯಲ್ಲಿ ಗುತ್ತಿಗೆ ಕೆಲಸ ಮಾಡುತ್ತಿದ್ದ. ವಾರಕ್ಕೊಮ್ಮೆ ಊರಿಗೆ ಬರುವ ಮನುಷ್ಯ. ಅವನು ಹೆಂಡತಿಯ ಮುಖ ನೋಡಿದ, ತಾಯಿಯ ಮುಖ ನೋಡಿದ, ಮರುದಿನ ಕೆಲಸಕ್ಕೆ ವಾಪಸು ಹೋದ. ಹನುಮವ್ವ ತಾನೇ ಠಾಣೆಗೆ ಹೋಗಿ ದೂರು ಕೊಟ್ಟಳು.

ಕೇಸಿನ ಕಾಗದ ನನ್ನ ಮೇಜಿಗೆ ಬಂದದ್ದು ದೀಪಾವಳಿಯ ಹೊತ್ತಿಗೆ. ಅದಾದ ಮೇಲೆ ಮೊದಲು ನನ್ನನ್ನು ಕಾಣಲು ಬಂದವಳು ಗಂಗಮ್ಮ. ತಲೆಯ ಗಾಯ ಮಾಯ್ದಿತ್ತು. ಕೂದಲು ಇನ್ನೂ ಬೆಳೆಯದ ಜಾಗಕ್ಕೆ ಸೆರಗು ಎಳೆದುಕೊಂಡು ನಿಂತೇ ಮಾತಾಡಿದಳು.

"ಈ ಕೇಸು ಬ್ಯಾಡ್ರಿ ಮೇಡಂ. ಅವ ನನ್ನ ಹೊತ್ಕೊಂಡು ಓಡ್ಯಾನ. ಅವ ಇಲ್ಲಂದ್ರ ನಾ ಇವತ್ತು ನಿಮ್ಮ ಮುಂದ ಇರ್ತಿದ್ದಿಲ್ಲ. ಸಣ್ಣ ಹುಡುಗಿ ಏನೋ ಕನಸು ಕಂಡಾಳ, ನಮ್ಮತ್ತಿ ಅದನ್ನ ನಂಬ್ಯಾಳ."

"ಮಗಳನ್ನ ನೀವೇ ಕೇಳಿದ್ರಾ?"

"ಕೇಳೀನ್ರಿ. ಬೈದೂ ಕೇಳೀನಿ. ಅದ ಮಾತು ಹೇಳ್ತಾಳ." ಅವಳ ದನಿ ಇಳಿಯಿತು. "ಯಾಕ ಹಿಂಗ ಮಾಡ್ತಾಳೋ. ನನಗ ಆಕಿ ಮಾರಿ ನೋಡಾಕ ಆಗವಲ್ದು."

ಅವಳು ಹೋದ ಮೇಲೆ ಕೇಸಿನ ಕಾಗದಗಳನ್ನು ಮತ್ತೆ ಮೊದಲಿನಿಂದ ಓದಿದೆ. ಗುದ್ದಾಟದ ಕೇಸುಗಳು ಎಷ್ಟೋ ಬರುತ್ತವೆ, ಕೆಲವು ಗೆಲ್ಲುತ್ತವೆ, ಕೆಲವು ಬಿದ್ದುಹೋಗುತ್ತವೆ. ಇದು ಬಿದ್ದುಹೋದರೆ ಒಬ್ಬ ಆರೋಪಿ ಬಿಡುಗಡೆಯಾಗುವುದಷ್ಟೇ ಅಲ್ಲ, ಆ ಹುಡುಗಿ ತನ್ನ ತಾಯಿಯ ಕಣ್ಣಲ್ಲಿ ಬದುಕಿಡೀ ಸುಳ್ಳುಗಾತಿಯಾಗಿ ಉಳಿಯುತ್ತಾಳೆ.

ಕಾನೂನಿನಲ್ಲಿ ಮಗುವಿನ ಸಾಕ್ಷಿ ನಡೆಯುವುದಿಲ್ಲ ಎಂದೇನಿಲ್ಲ. ಕೇಳಿದ್ದು ತಿಳಿದು, ತಿಳಿದದ್ದನ್ನು ಹೇಳಬಲ್ಲ ಮಗುವಾದರೆ ಸಾಕು. ನಂಬಿಕೆಗೆ ಅರ್ಹವಾಗಿದ್ದರೆ ಅದೊಂದರ ಮೇಲೆಯೇ ಶಿಕ್ಷೆ ಕೊಡಬಹುದು. ಆದರೂ ಮಕ್ಕಳಿಗೆ ದೊಡ್ಡವರು ಹೇಳಿಕೊಟ್ಟು ಹೇಳಿಸುವುದು ಸುಲಭ, ಹೇಳಿಕೊಟ್ಟದ್ದನ್ನೇ ತಾವು ಕಂಡದ್ದೆಂದು ಅವರು ನಂಬಿಬಿಡುವುದೂ ಉಂಟು. ಅದಕ್ಕೇ ನ್ಯಾಯಾಧೀಶರು ಪುಷ್ಟಿ ಕೊಡುವ ಇನ್ನೊಂದು ಸಾಕ್ಷಿ ಇದೆಯೇ ಎಂದು ಹುಡುಕುತ್ತಾರೆ. ಅದು ಕಾನೂನಿನ ಕಟ್ಟಳೆಯಲ್ಲ, ಎಚ್ಚರದ ಮಾತು. ನನ್ನ ಬಳಿ ಅಂಥ ಇನ್ನೊಂದು ಸಾಕ್ಷಿ ಯಾವುದಿತ್ತು? ಗಾಯಕ್ಕೆ ಚಿಕಿತ್ಸೆ ಕೊಟ್ಟ ವೈದ್ಯರು ಅಷ್ಟರಲ್ಲಿ ಸಂಡೂರಿಗೆ ವರ್ಗವಾಗಿದ್ದರು. ಒಂದು ಭಾನುವಾರ ಬಸ್ಸು ಹತ್ತಿ ಹೋದೆ. ಮಳೆಗಾಲ ಮುಗಿದರೂ ಸಂಡೂರಿನ ಗುಡ್ಡಗಳ ಹಸಿರು ಇಳಿದಿರಲಿಲ್ಲ, ಆ ಹಸಿರಿನ ಕೆಳಗೆ ರಸ್ತೆ, ಲಾರಿ, ಗೋಡೆ ಎಲ್ಲ ಅದಿರಿನ ಧೂಳು ಕುಡಿದು ಕೆಂಪಾಗಿದ್ದವು. ವೈದ್ಯರು ಒಳ್ಳೆಯವರು, ಚಹಾ ತರಿಸಿದರು. ಆದರೆ ಮಾತು ಮಾತ್ರ ಅಳೆದು ಆಡಿದರು.

"ಹೊಡೆತದಿಂದ ಆಗಿರಬಹುದು. ಕಲ್ಲಿನ ಅಂಚಿಗೆ ಬಿದ್ದೂ ಆಗಿರಬಹುದು. ಎರಡರಲ್ಲಿ ಒಂದು ಅಂತ ನಾನು ಹೇಳಿದರೆ ಅದು ಸುಳ್ಳಾಗುತ್ತೆ ಮೇಡಂ."

ವಾಪಸು ಬರುವಾಗ ಬಸ್ಸಿನ ಕಿಟಕಿಯಿಂದ ಗುಡ್ಡ ನೋಡಿದರೂ ಮನಸ್ಸಿಗೆ ಏನೂ ಹತ್ತಲಿಲ್ಲ.

ಮಗು ಮರೆಯುವ ಮುನ್ನ ಸಾಕ್ಷ್ಯ ಮುಗಿಯಲಿ ಎಂದು ಮ್ಯಾಜಿಸ್ಟ್ರೇಟರು ಸಂಕ್ರಾಂತಿ ಕಳೆದ ಕೂಡಲೇ ವಿಚಾರಣೆಗೆ ದಿನ ಕೊಟ್ಟರು. ಆ ಬೆಳಿಗ್ಗೆ ಹನುಮವ್ವ ಮೊಮ್ಮಗಳನ್ನು ಕರೆದುಕೊಂಡು ನನ್ನ ಕೋಣೆಗೆ ಬಂದಳು. ಹುಡುಗಿಗೆ ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿದ್ದಳು, ಹುಬ್ಬು ಮೇಲಕ್ಕೆ ಹೋಗುವಷ್ಟು ಬಿಗಿ.

"ಏನು ಹೇಳ್ಬೇಕು ಸ್ವಲ್ಪ ಹೇಳಿಕೊಡ್ರಿ ಮೇಡಂ. ಹುಡುಗಿ ಅಂಜಿ ತಪ್ಪು ಹೇಳಿದ್ರ?"

"ಹೇಳಿಕೊಡಬಾರದು ಅಜ್ಜಿ. ಅವಳು ಕಂಡದ್ದನ್ನ ಅವಳೇ ಹೇಳಲಿ."

"ಅಷ್ಟು ಓದೀರಿ, ಒಂದೆರಡು ಮಾತು ಹೇಳಿಕೊಟ್ರ ಏನಾಕ್ಕತಿ?" ಎಂದು ಮುದುಕಿ ಮುನಿಸಿಕೊಂಡಳು. ನಾನು ಹುಡುಗಿಗೆ ಕೋರ್ಟಿನ ಕೋಣೆ ತೋರಿಸಿದೆ. ಯಾರು ಎಲ್ಲಿ ಕೂರುತ್ತಾರೆ, ನೀರು ಬೇಕಾದರೆ ಯಾರನ್ನು ಕೇಳಬೇಕು, ಇಷ್ಟೇ. ಅವಳು ಎತ್ತರದ ಕುರ್ಚಿಯನ್ನು ನೋಡಿ, "ಅಲ್ಲಿ ಕುಂತ್ರ ಕಾಲು ನೆಲಕ್ಕ ಹತ್ತಂಗಿಲ್ಲಲ್ರಿ" ಎಂದಳು.

ಮೊದಲು ಗಂಗಮ್ಮನ ಸಾಕ್ಷ್ಯ. ನೆನಪಿಲ್ಲ, ಯರ್ರಿಸ್ವಾಮಿ ಒಳ್ಳೆಯವನು, ಮಗಳು ಸಣ್ಣವಳು ಎಂದು ಮೂರೇ ಮಾತಲ್ಲಿ ಮುಗಿಸಿ ಇಳಿದಳು. ಆಮೇಲೆ ಹುಲಿಗೆಮ್ಮನನ್ನು ಕರೆದರು. ಅವಳಿಗೆ ಪ್ರಮಾಣ ಮಾಡಿಸಲಿಲ್ಲ. ಅಷ್ಟು ಸಣ್ಣ ಮಕ್ಕಳಿಗೆ ಮಾಡಿಸುವುದಿಲ್ಲ. ಮ್ಯಾಜಿಸ್ಟ್ರೇಟರು ಅವಳನ್ನು ತಮ್ಮ ಪೀಠದ ಹತ್ತಿರಕ್ಕೆ ಕರೆದು ಶಾಲೆ, ಟೀಚರು, ಮನೆಯ ಎಮ್ಮೆಯ ವಿಷಯ ಕೇಳಿದರು. ಆಮೇಲೆ ಕೇಳಿದರು:

"ಸುಳ್ಳು ಅಂದ್ರೆ ಏನಮ್ಮ?"

"ಆಗ್ಲಾರದ್ದನ್ನ ಆಗೇತಿ ಅನ್ನೋದ್ರಿ."

"ಈಗ ನಾನು ಕುದುರೆ ಮೇಲೆ ಕೂತಿದ್ದೀನಿ ಅಂದ್ರೆ ಅದು ಸುಳ್ಳಾ?"

ಹುಡುಗಿ ಅವರ ಮುಖವನ್ನು ಚೆನ್ನಾಗಿ ನೋಡಿದಳು. "ಅಲ್ರಿ. ಅದು ಚ್ಯಾಷ್ಟಿ. ನೀವು ನಗಾಕ ಹತ್ತೀರಲ್ರಿ."

ಕೋರ್ಟಿನಲ್ಲಿದ್ದವರೆಲ್ಲ ನಕ್ಕರು. ಈ ಮಗುವಿಗೆ ಸಾಕ್ಷಿ ಹೇಳುವಷ್ಟು ತಿಳಿವಳಿಕೆ ಇದೆ ಎಂದು ಮ್ಯಾಜಿಸ್ಟ್ರೇಟರು ಬರೆಸಿದರು. ನಾನು ಆ ದಿನ ಏನಾಯಿತು ಹೇಳು ಎಂದೆ. ಅವಳು ಹೇಳುತ್ತ ಹೋದಳು. ಅವ್ವ ತಮ್ಮ ಗದ್ದೆ ಕಡೆಯ ತೂಬಿನ ಹಲಗೆ ಎತ್ತಿದ್ದು, ಮಾಮ ಬಂದು ಅದನ್ನು ಇಳಿಸಿದ್ದು, ಮತ್ತೆ ಅವ್ವ ಎತ್ತಿದ್ದು, ಇಬ್ಬರೂ ಬೈದಾಡಿದ್ದು, ಮಾಮ ಸಲಿಕೆ ಬೀಸಿದ್ದು. ಎಲ್ಲ ಸರಿಯಾಗಿಯೇ ಇತ್ತು. ಆಗ ನಾನು ಪೊಲೀಸರು ಯರ್ರಿಸ್ವಾಮಿಯ ಮನೆಯಿಂದ ಜಪ್ತಿ ಮಾಡಿ ತಂದ ಸಲಿಕೆಯನ್ನು ತೋರಿಸಿ, "ಇದೇ ಸಲಿಕೆನಾ?" ಎಂದೆ.

"ಇದಲ್ರಿ."

ನಾನು ಸಲಿಕೆಯನ್ನು ಅವಳ ಹತ್ತಿರಕ್ಕೆ ಒಯ್ದೆ. "ಸರಿಯಾಗಿ ನೋಡು."

"ನೋಡೀನ್ರಿ. ಇದಲ್ಲ. ಆ ಸಲಿಕಿನ ಮಾಮ ತೂಬಿನ ಕೆಳಗ ನೀರಾಗ ಒಗದ."

ಎದುರು ಪಕ್ಷದ ಹಿರಿಯ ವಕೀಲರು ಹಣೆಯ ನಾಮ ಸರಿಯಾಗಿದೆಯೇ ಎಂಬಂತೆ ಬೆರಳಾಡಿಸಿ ನಿಧಾನವಾಗಿ ಎದ್ದರು. ನಲವತ್ತು ವರ್ಷ ವಕೀಲಿಕೆ ಮಾಡಿದವರು, ಯಾರ ಮೇಲೂ ದನಿ ಏರಿಸದವರು. ಮಗುವಿನ ಮೇಲೂ ಏರಿಸಲಿಲ್ಲ.

"ನೀರಿಗೆ ಎಸೆದ ಮಾತನ್ನ ಪೊಲೀಸರಿಗೆ ಹೇಳಿದ್ದೆಯೇನಮ್ಮ?"

"ಇಲ್ರಿ."

"ಯಾಕೆ?"

"ಅವ್ರು ಕೇಳ್ಲಿಲ್ರಿ."

"ಈಗ ಇದನ್ನ ಹೇಳು ಅಂತ ಈ ಮೇಡಂ ಹೇಳಿಕೊಟ್ಟರಾ?"

"ಇಲ್ರಿ. ನಮ್ಮಜ್ಜಿ ಹೇಳಿಕೊಡ್ರಿ ಅಂತ ಕೇಳಿದ್ಲು. ಆದ್ರೂ ಅವ್ರು ಹೇಳಿಕೊಡ್ಲಿಲ್ಲ."

ಮತ್ತೆ ನಗು. ವಕೀಲರೂ ನಕ್ಕರು. ಆಮೇಲೆ ತಮ್ಮ ಕೈಯಲ್ಲಿದ್ದ ಬಲವಾದ ಮಾತನ್ನು ಮುಂದಿಟ್ಟರು. "ನಿಮ್ಮ ಅವ್ವನ್ನ ಹೆಗಲ ಮೇಲೆ ಹೊತ್ತುಕೊಂಡು ಓಡಿದ್ದು ಯಾರು? ಈ ಸ್ವಾಮಿ ಮಾಮನೇ ಅಲ್ಲವೇ?"

"ಹೌದ್ರಿ."

"ಹೊಡೆದವನು ಯಾಕೆ ಹೊತ್ತುಕೊಂಡು ಓಡ್ತಾನೆ?"

"ಅದು ನನಗ ಗೊತ್ತಿಲ್ರಿ. ಹೊಡೆದಿದ್ದೂ ಮಾಮನ, ಹೊತ್ಕೊಂಡು ಓಡಿದ್ದೂ ಮಾಮನ. ಓಡುವಾಗ ಅಳ್ತಿದ್ದ."

ನಾನು ಆರೋಪಿಯ ಕಟಕಟೆಯ ಕಡೆ ನೋಡಿದೆ. ಯರ್ರಿಸ್ವಾಮಿ ತಲೆ ತಗ್ಗಿಸಿದ್ದ. ಹಿರಿಯ ವಕೀಲರು ಇನ್ನು ಪ್ರಶ್ನೆಯಿಲ್ಲ ಎಂದು ಹೇಳಿ ಕುಳಿತರು.

ಹುಡುಗಿ ನಿಜ ಹೇಳುತ್ತಿದ್ದಾಳೆ ಎನ್ನುವುದರಲ್ಲಿ ನನಗೆ ಆ ಕ್ಷಣ ಅನುಮಾನ ಉಳಿಯಲಿಲ್ಲ. ಹೇಳಿಕೊಟ್ಟ ಮಗುವಾಗಿದ್ದರೆ ನಾವು ತೋರಿಸಿದ ಸಲಿಕೆಗೆ ಹೌದು ಎನ್ನುತ್ತಿತ್ತು, ಮಾಮ ಅಳುತ್ತಿದ್ದ ಎಂಬ ಮಾತನ್ನು ತಾನಾಗಿ ಸೇರಿಸುತ್ತಿರಲಿಲ್ಲ. ಆದರೆ ನನಗೆ ಅನ್ನಿಸಿದರೆ ಆಯಿತೇ? ಕಾಗದದ ಮೇಲೆ ನನ್ನ ಕೇಸು ಮೊದಲಿಗಿಂತ ಸೊರಗಿತ್ತು. ಆಯುಧ ಎಂದು ತಂದದ್ದು ಆಯುಧವಲ್ಲ ಎಂದು ನನ್ನ ಸಾಕ್ಷಿಯೇ ಹೇಳಿದ್ದಳು. ನಿಜವಾದದ್ದು ಹರಿಯುವ ಕಾಲುವೆಯ ತಳದಲ್ಲಿತ್ತು. ಅಲ್ಲಿ ಇದ್ದರೆ.

ಹುಡುಗಿ ಹೊರಗೆ ಬಂದು, "ನಾ ತಪ್ಪು ಹೇಳಿದ್ನೇನ್ರಿ?" ಎಂದು ಕೇಳಿದಳು. ನನ್ನ ಮುಖದಲ್ಲಿ ಏನೋ ಕಂಡಿರಬೇಕು.

"ಇಲ್ಲ. ಕಂಡದ್ದನ್ನೇ ಹೇಳಿದೆ."

"ಹೂಂನ್ರಿ" ಎಂದು ಅಜ್ಜಿಯ ಕೈ ಹಿಡಿದು ಹೋದಳು. ಗಂಗಮ್ಮ ಅವರಿಗಿಂತ ಹತ್ತು ಹೆಜ್ಜೆ ಮುಂದೆ ಒಬ್ಬಳೇ ನಡೆಯುತ್ತಿದ್ದಳು.

ಆ ಚಳಿಗಾಲ ನಾನು ಆ ಕಾಲುವೆಯ ಬಗ್ಗೆ ಯೋಚಿಸಿದಷ್ಟು ಬೇರಾವುದರ ಬಗ್ಗೆಯೂ ಯೋಚಿಸಲಿಲ್ಲ. ಒಮ್ಮೆ ಹಂಪಿಗೆ ಹೋಗಿ ನದಿಯ ಬಂಡೆಯ ಮೇಲೆ ಕುಳಿತಿದ್ದಾಗಲೂ, ಹರಿಗೋಲಿನ ಹುಟ್ಟು ನೀರೊಳಗೆ ಮುಳುಗಿ ಏಳುವುದನ್ನು ನೋಡುತ್ತ ಸಲಿಕೆಯನ್ನೇ ನೆನೆದೆ. ನೀರು ಹರಿಯುವವರೆಗೆ ಯಾರಿಗೂ ಹುಡುಕಲು ಬರುವಂತಿರಲಿಲ್ಲ. ಬೇಸಿಗೆಯಲ್ಲಿ ದುರಸ್ತಿಗೆಂದು ಕಾಲುವೆ ನಿಲ್ಲಿಸುತ್ತಾರೆ ಎಂದು ಮನೆಯೊಡತಿಯಿಂದ ತಿಳಿದ ಮಾರನೆಯ ದಿನವೇ ಹೆಚ್ಚಿನ ತನಿಖೆಗೆ ಅನುಮತಿ ಕೇಳಿ ಅರ್ಜಿ ಹಾಕಿದೆ. ಹಿರಿಯ ವಕೀಲರು ಆಕ್ಷೇಪಿಸಿದರು. ಮ್ಯಾಜಿಸ್ಟ್ರೇಟರು ಎರಡೂ ಕಡೆ ಕೇಳಿ ಒಪ್ಪಿದರು. ಠಾಣೆಗೆ ಅಷ್ಟರಲ್ಲಿ ಹೊಸ ಸಬ್ ಇನ್ಸ್‌ಪೆಕ್ಟರ್ ಬಂದಿದ್ದರು, ಚುರುಕಾದ ಹೆಣ್ಣುಮಗಳು. "ನೀರು ನಿಂತ ದಿನಾನೇ ಹೋಗ್ತೀನಿ ಮೇಡಂ" ಎಂದರು.

ಬಂಡೆಗಳೆಲ್ಲ ಕಾದು ಹೆಂಚಾಗಿದ್ದ ಒಂದು ಮಧ್ಯಾಹ್ನ ಅವರು ನೇರ ನನ್ನ ಕೋಣೆಗೆ ಬಂದರು. ಬೂಟಿಗೆಲ್ಲ ಕೆಸರು, ಮೈಯೆಲ್ಲ ಆ ಹೂಳಿನ ವಾಸನೆ.

"ಸಿಕ್ತು ಮೇಡಂ. ತೂಬಿನ ಕೆಳಗ, ಆ ಹುಡುಗಿ ಹೇಳಿದಲ್ಲೇ. ಮೊಣಕಾಲುದ್ದ ಕೆಸರಾಗಿತ್ತು. ಪಂಚರ ಮುಂದ ತೆಗೆಸೀನಿ."

ಕೂಡಲೇ ಕೋರ್ಟಿಗೆ ಹಾಜರುಪಡಿಸಿದರು. ತುಕ್ಕು ಹಿಡಿದ ಅಲಗು, ಕಪ್ಪಾದ ಮರದ ಕಾವು. ಕಾವಿನ ನಡುವೆ ಸೀಳಿದ ಜಾಗಕ್ಕೆ ಬಟ್ಟೆ ಸುತ್ತಿ ಮೇಲೆ ತಂತಿ ಬಿಗಿದಿತ್ತು. ಕಾಲುವೆಯಲ್ಲಿ ಯಾರ ಸಲಿಕೆಯಾದರೂ ಬಿದ್ದಿರಬಹುದು, ಇದು ಯರ್ರಿಸ್ವಾಮಿಯದೇ ಎನ್ನಲು ಏನು ಆಧಾರ ಎಂದು ವಕೀಲರು ಕೇಳುತ್ತಾರೆ ಎಂಬುದು ನನಗೆ ಗೊತ್ತಿತ್ತು. ಅಕ್ಕಪಕ್ಕದ ಗದ್ದೆಯವರನ್ನು ಕರೆಸಬೇಕಾಯಿತು. ಅವರಲ್ಲಿ ಮೊದಲನೆಯವಳು ಗಂಗಮ್ಮನೇ. ಏನು ಹೇಳುತ್ತಾಳೋ ಎಂಬ ಅಳುಕಿನಿಂದಲೇ ಅವಳನ್ನು ಮತ್ತೆ ಸಾಕ್ಷಿಕಟ್ಟೆಗೆ ಕರೆಸಿದೆ.

ಸಲಿಕೆಯನ್ನು ಅವಳ ಮುಂದಿಟ್ಟರು. ಅವಳು ಬಗ್ಗಿ ನೋಡಿದಳು. ಕೆಸರು ತೊಳೆದಿದ್ದ ಬಟ್ಟೆಯ ಅಂಚನ್ನು ಬೆರಳಿನಿಂದ ಸವರಿದಳು. ಪಾಲಿಸ್ಟರ್ ಬಟ್ಟೆ, ನೀಲಿಯ ಮೇಲೆ ಹಳದಿ ಗೆರೆ, ಇನ್ನೂ ಪೂರ್ತಿ ಮಾಸಿರಲಿಲ್ಲ.

"ಇದು ನನ್ನ ಸೀರಿ ಅಂಚ್ರಿ" ಎಂದಳು. ನಾನು ಪ್ರಶ್ನೆ ಕೇಳುವ ಮುನ್ನವೇ ಮುಂದುವರಿಸಿದಳು. "ಯರ್ರಿಸ್ವಾಮಿ ಸಲಿಕಿ ಕಾವು ಸೀಳಿ ಕೈಗೆ ಚುಚ್ತಿತ್ತು. ನೀರು ಬಿಡೋ ಮುಂದ, ಹಳೇ ಸೀರಿ ಹರಿದು ನಾನ ಸುತ್ತಿಕೊಟ್ಟಿದ್ದೆ. ಅದು ನೆನಪೈತ್ರಿ ನನಗ." ಆಮೇಲೆ ಅವನ ಕಡೆ ತಿರುಗಿದಳು. "ಇದು ಎಲ್ಲಿ ಹೋತು ಅಂತ ಕೇಳಿದ್ರ ಕಳವಾತು ಅಂದ್ಯಲ್ಲೋ ಸ್ವಾಮಿ?"

ಸಾಕ್ಷಿ ಆರೋಪಿಯ ಜೊತೆ ಮಾತಾಡುವಂತಿಲ್ಲ. ಆದರೆ ಯಾರೂ ತಡೆಯಲಿಲ್ಲ. ಯರ್ರಿಸ್ವಾಮಿ ಮುಖ ಮುಚ್ಚಿಕೊಂಡ.

ನಾನು ಬಾಗಿಲ ಹತ್ತಿರ ಹೋದಾಗ ಗಂಗಮ್ಮ ಹೊರಗಿನ ಮೆಟ್ಟಿಲ ಮೇಲೆ ಮಗಳ ಪಕ್ಕ ಕುಳಿತಿದ್ದಳು. ಹುಡುಗಿ ಬೇವಿನ ಹಣ್ಣು ಆರಿಸಿ ಸಾಲಾಗಿ ಇಡುತ್ತಿದ್ದಳು.

"ನೀ ಹೇಳಿದ್ದು ಖರೇ ಐತವ್ವ" ಎಂದಳು ಗಂಗಮ್ಮ.

"ನಾ ಆಗ್ಲೇ ಹೇಳಿದ್ನಲ್ಲಬೇ."

"ಹೇಳಿದ್ದಿ. ನಾನ ಕೇಳ್ಲಿಲ್ಲ." ಅವಳು ಮಗಳ ತಲೆಯನ್ನು ಎದೆಗೊತ್ತಿಕೊಂಡು ಗೊಳೋ ಎಂದು ಅತ್ತಳು. ಹುಡುಗಿ ಉಸಿರು ಕಟ್ಟಿದಂತಾಗಿ ತಲೆ ಹೊರಗೆ ಎಳೆದುಕೊಂಡು, "ಮಿರ್ಚಿ ತಿನ್ನೂಣು?" ಎಂದಳು. ಇಬ್ಬರೂ ಎದ್ದು ರಸ್ತೆ ದಾಟಿದರು. ನಾನು ಹತ್ತಿರ ಹೋಗಲಿಲ್ಲ.

ಯರ್ರಿಸ್ವಾಮಿ ಕೊನೆಯ ಹೇಳಿಕೆಯಲ್ಲಿ ಏನನ್ನೂ ಅಲ್ಲಗಳೆಯಲಿಲ್ಲ. "ನೀರಿನ ಸಿಟ್ಟಿನಾಗ ಕೈ ಎತ್ತಿದ್ನಿ ಸ್ವಾಮಿ. ಆಕಿ ಬಿದ್ದ ಕೂಡ್ಲೇ ಅಂಜಿ ಸಲಿಕಿ ನೀರಾಗ ಒಗದ್ನಿ. ಸತ್ಲಪ್ಪಾ ಅಂತ ಹೊತ್ಕೊಂಡು ಓಡಿದ್ನಿ. ಆಮ್ಯಾಲೆ ಎಲ್ರೂ ಹೊಗಳಾಕ ಹತ್ತಿದ್ರು, ಖರೇ ಹೇಳಾಕ ಬಾಯಿ ಬರ್ಲಿಲ್ಲ" ಎಂದ. ತೀರ್ಪಿನಲ್ಲಿ ಮ್ಯಾಜಿಸ್ಟ್ರೇಟರು ಮಗುವಿನ ಸಾಕ್ಷ್ಯವನ್ನೇ ಮುಖ್ಯವಾಗಿ ಹಿಡಿದರು. ತನಗೆ ತೋರಿಸಿದ ತಪ್ಪು ಸಲಿಕೆಯನ್ನು ಒಪ್ಪದ, ಆರೋಪಿ ಅತ್ತದ್ದನ್ನೂ ಮುಚ್ಚಿಡದ ಮಾತು ಅದು, ಕಾಲುವೆಯಲ್ಲಿ ಸಿಕ್ಕಿದ ವಸ್ತು ಅದಕ್ಕೆ ಪುಷ್ಟಿ ಕೊಟ್ಟಿದೆ ಎಂದರು. ಆಸ್ಪತ್ರೆಗೆ ಹೊತ್ತೊಯ್ದು ಜೀವ ಉಳಿಸಿದ್ದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಕಡಿಮೆ ಅವಧಿಯ ಸೆರೆವಾಸ ವಿಧಿಸಿದರು. ಅವನು ಮೇಲ್ಮನವಿ ಹಾಕಲಿಲ್ಲ. ಹಿರಿಯ ವಕೀಲರು ಹೊರಗೆ ಸಿಕ್ಕಾಗ, "ಆ ಮಗುವಿಗೆ ನಾನು ಕೊನೇ ಪ್ರಶ್ನೆ ಕೇಳಬಾರದಿತ್ತು ನೋಡಿ" ಎಂದು ನಕ್ಕು ಕೈ ಮುಗಿದರು.

ಮಳೆಗಾಲ ಮತ್ತೆ ಬಂತು. ನನಗೆ ವರ್ಗದ ಆದೇಶವೂ ಬಂತು. ಕೇಸು ಮುಗಿದದ್ದರಿಂದ ಇನ್ನು ಅಡ್ಡಿಯಿಲ್ಲ ಎಂದು ಹನುಮವ್ವ ಊಟಕ್ಕೆ ಕರೆದಳು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. "ಉಣ್ರಿ, ಹೇಳಿಕೊಡೋದಿಲ್ಲ ಅಂದ್ರಿ, ಉಣ್ಣೋದಾದ್ರೂ ಮಾಡ್ರಿ" ಎಂದು ಬಡಿಸಿಯೇ ಬಡಿಸಿದಳು. ಊಟವಾದ ಮೇಲೆ ಗದ್ದೆ ನೋಡಲು ಹೊರಟೆವು. ಕಾಲುವೆಗೆ ಹೊಸ ನೀರು ಬಂದು ವಾರವಾಗಿರಬೇಕು, ದಂಡೆಯುದ್ದಕ್ಕೂ ನಾಟಿಗೆ ಹದವಾಗುತ್ತಿದ್ದ ಗದ್ದೆಗಳು.

ಗಂಗಮ್ಮ ತೂಬಿನ ಹತ್ತಿರ ನಿಂತಿದ್ದಳು. ನೀರು ಅವಳ ಗದ್ದೆಗೆ ಹೋಗುತ್ತಿರಲಿಲ್ಲ. ಪಕ್ಕದ, ಯರ್ರಿಸ್ವಾಮಿಯ ಗದ್ದೆಗೆ ಹರಿಯುತ್ತಿತ್ತು.

"ಅವನ ಹೆಂಡ್ತಿ ಒಬ್ಬಾಕಿ ಅದಾಳ್ರಿ, ಬಸುರಿ ಬ್ಯಾರೆ" ಎಂದಳು, ನಾನು ಏನೂ ಕೇಳದಿದ್ದರೂ. "ಆಕಿದು ಮೊದ್ಲು ಆಗ್ಲಿ."

ಆ ಗದ್ದೆ ಉದ್ದಕ್ಕೆ ಚಾಚಿ ಬಾಳೆತೋಟದ ಆಚೆ ತಿರುಗಿತ್ತು. ನಾವು ನಿಂತಲ್ಲಿಂದ ಅದರ ಕೊನೆ ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಬಾಳೆಗಿಡಗಳ ಹಿಂದಿನಿಂದ ಹುಲಿಗೆಮ್ಮನ ಕೂಗು ಕೇಳಿಸಿತು. "ಅವ್ವಾ! ಅವರ ಗದ್ದಿ ತುಂಬೇತಿ!"

ಗಂಗಮ್ಮ ಆ ಕಡೆ ಹೋಗಿ ನೋಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಆ ಗದ್ದೆಯ ಹಲಗೆ ಇಳಿಸಿ ನೀರು ನಿಲ್ಲಿಸಿದಳು.